ಕಾಲೇಜಿನಲ್ಲಿ ಧರ್ಮ, ನೀತಿ, ಸಂಸ್ಕೃತಿಗಳ ವ್ಯಾಸಂಗ

ಪ್ರತಿ ವರ್ಷವೂ ನಮ್ಮ ಶಾಲೆಯ ಹತ್ತನೆಯ ತರಗತಿಯ ಬಾಲಿಕೆಯರು ಇಲ್ಲಿಂದ ಹೊರಡುವಾಗ, ಮುಂದೆ ಯಾವ ವಿಷಯವನ್ನು ಓದಬೇಕೆಂದು ನಮ್ಮನ್ನು ಕೇಳುವುದುಂಟು. ವಿಜ್ಞಾನವೆಂದು ಕೆಲವರು, ವಾಣಿಜ್ಯವೆಂದು ಕೆಲವರು ಅವರಿಗೆ ಬುದ್ಧಿ ಹೇಳುವರು. ಧರ್ಮ, ನೀತಿ, ಸಂಸ್ಕೃತಿ ಇವುಗಳನ್ನೂ ಕಾಲೇಜಿನಲ್ಲಿ ಕ್ರಮವಾಗಿ ಓದಬಹುದೆಂದು ಹೇಳುವವರು ವಿರಳ. ತತ್ತ್ವಶಾಸ್ತ್ರದ ತರಗತಿಗೆ ಸೇರಲು ಮನಸ್ಸು ಮಾಡಿದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳಿಗೆ ಮನೆಯವರು, "ದೇವರ ವಿಷಯವನ್ನು ತಿಳಿಯುವುದಕ್ಕೆ ಕಾಲೇಜು ಬೇಕೆ? ಮನೆಯಲ್ಲಿ ಕಲಿತದ್ದು ಸಾಲದೆ?" ಎಂದರಂತೆ. ಪ್ರಶ್ನೆಯು ಉಚಿತವಾದುದೇ. ಅದಕ್ಕೆ ನಮಗೆ ತೋರಿದ ಉತ್ತರವನ್ನು ವಾಚಕರ ಮುಂದಿಡುತ್ತೇವೆ.

ಮನೆಯಲ್ಲಿಯೂ ಗುಡಿ, ಮಸೀದಿ, ಚರ್ಚುಗಳಲ್ಲಿಯೂ ದೊರೆಯುವುದು ಧರ್ಮದ ಉಪದೇಶವು. ಕಾಲೇಜಿನಲ್ಲಿ ದೊರೆಯತಕ್ಕದ್ದು ಧರ್ಮದ ವ್ಯಾಸಂಗವು. ಉಪದೇಶವು 'ಹೀಗೆ ನಡೆ' ಎನ್ನುವುದು. ವ್ಯಾಸಂಗವು 'ಹೀಗೆ ನಡೆಯಬೇಕೆಂದು ಹೇಳಿದವರು ಯಾರು? ಯಾವ ಕಾಲದಲ್ಲಿ? ಯಾವ ಕಾರಣದಿಂದ?' ಎಂದು ವಿಚಾರಿಸುವುದು. ಮನುಷ್ಯನಿಗೆ ಎರಡೂ ಬೇಕು. ನಮ್ಮ ಸಂವಿಧಾನದ 28ನೆಯ ವಿಧಿಯು, ಸಂಪೂರ್ಣವಾಗಿ ಸರಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧಾರ್ಮಿಕ ಬೋಧನೆಯನ್ನು ಕೊಡಲಾಗದೆಂದು ವಿಧಿಸಿದೆ. ಸರಕಾರದ ಮನ್ನಣೆ ಅಥವಾ ಸಹಾಯಧನವನ್ನು ಪಡೆದ ಸಂಸ್ಥೆಗಳಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಅಂಥ ಬೋಧನೆಗೆ ಕುಳ್ಳಿರಿಸಬಾರದೆಂದೂ ಹೇಳಿದೆ. ಇದು ನ್ಯಾಯವೇ ಸರಿ. ಆದರೆ ಧರ್ಮಗಳನ್ನು ಕುರಿತು ಓದುವುದಕ್ಕೆ ಈ ವಿಧಿಯು ಅಡ್ಡಿಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಪಿತ್ತಿತು. 1964–66ರ ಕೊಠಾರಿ ಆಯೋಗವೂ ಇದೇ ಭೇದವನ್ನು ಎತ್ತಿ ತೋರಿಸಿತ್ತು.

ಇದಕ್ಕೂ ಮುಂಚೆ, 1948–49ರಲ್ಲಿ, ಡಾಕ್ಟರ್ ಎಸ್. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಕೂಡಿದ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ಒಂದು ಸುಲಭವಾದ ಕ್ರಮವನ್ನು ಸೂಚಿಸಿತು. ಪದವಿಯ ಮೊದಲನೆಯ ವರ್ಷ ಬುದ್ಧ, ಯೇಸು, ಶಂಕರ, ಮಹಮ್ಮದ್, ಕಬೀರ್, ನಾನಕ್ ಮೊದಲಾದವರ ಜೀವನಚರಿತ್ರೆಗಳು. ಎರಡನೆಯ ವರ್ಷ ಲೋಕದ ಧರ್ಮಗ್ರಂಥಗಳಿಂದ ಆಯ್ದ ಭಾಗಗಳು. ಮೂರನೆಯ ವರ್ಷ ಧರ್ಮದ ತತ್ತ್ವಸಮಸ್ಯೆಗಳು. ಮೊದಲು ಮನುಷ್ಯರನ್ನು, ಬಳಿಕ ಗ್ರಂಥವನ್ನು, ಕಡೆಗೆ ವಾದವನ್ನು ಇಟ್ಟ ಈ ಅನುಕ್ರಮವು ನಮಗೆ ಬಹಳ ವಿವೇಕಯುತವಾಗಿ ತೋರುತ್ತದೆ. ಇದನ್ನು ಎಲ್ಲ ಕಾಲೇಜುಗಳೂ ಕೈಕೊಳ್ಳದೆ ಹೋದುದು ನಷ್ಟವೇ.

ಅನ್ಯರ ಧರ್ಮವನ್ನು ಓದಿದರೆ ಸ್ವಂತ ನಂಬಿಕೆಯು ಸಡಿಲವಾಗದೆ ಎಂದು ಕೆಲವು ತಾಯಿತಂದೆಗಳು ಭಯಪಡುವರು. ರಾಧಾಕೃಷ್ಣನ್ ಅವರು ಓದಿದುದು ವೆಲ್ಲೂರಿನ ಮತ್ತು ಮದರಾಸಿನ ಮಿಷನ್ ಕಾಲೇಜುಗಳಲ್ಲಿ. ಅಲ್ಲಿ ಕೇಳಿಬಂದ ಹಿಂದೂಧರ್ಮದ ಟೀಕೆಯೇ ಅವರನ್ನು ತಮ್ಮ ಧರ್ಮದ ಮೂಲವನ್ನು ಹುಡುಕುವಂತೆ ಮಾಡಿತು. 1908ರಲ್ಲಿ ಅವರು ವೇದಾಂತದ ನೀತಿಯನ್ನು ಕುರಿತು ಬರೆದ ಪ್ರಬಂಧವನ್ನು ಅವರ ಗುರುವಾದ ಹಾಗ್ ಎಂಬ ಮಿಷನರಿ ಪಂಡಿತರೇ ಮೆಚ್ಚಿದರು. ಇತ್ತ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮೋಗ್ಲಿಂಗರು ಬಸವಪುರಾಣ, ಜೈಮಿನಿಭಾರತ, ದಾಸರ ಪದಗಳನ್ನು ಅಚ್ಚು ಮಾಡಿಸಿದರು. 1894ರಲ್ಲಿ ಮಹಾನಿಘಂಟನ್ನು ಹೊರತಂದ ಕಿಟ್ಟೆಲರು ಜೈನಕವಿಯಾದ ನಾಗವರ್ಮನ ಛಂದಸ್ಸಿನ ಗ್ರಂಥವನ್ನು ಶೋಧಿಸಿ ಪ್ರಕಟಿಸಿದರು. ಈ ಓದಿನಿಂದ ಇವರಲ್ಲಿ ಯಾರೂ ತಮ್ಮ ನಂಬಿಕೆಯನ್ನು ಕಳೆದುಕೊಳ್ಳಲಿಲ್ಲ. ಕನ್ನಡನಾಡಿಗಾದರೋ ಲಾಭವೇ ಆಯಿತು. ಪಂಪನ ಆದಿಪುರಾಣವನ್ನು ಜೈನಧರ್ಮವನ್ನರಿಯದೆ, ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಶರೀಫರ ಹಾಡನ್ನು ಎರಡು ಧರ್ಮಗಳನ್ನರಿಯದೆ, ಓದಿದರೆ ಅರ್ಧವೇ ಓದಿದಂತಾಗುವುದು.

ಸ್ತ್ರೀಯರಿಗೆ ಈ ವ್ಯಾಸಂಗವು ಇನ್ನೂ ಅಗತ್ಯವಾದುದು. ಹೆಣ್ಣುಮಕ್ಕಳ ಓದು, ಉಡುಪು, ವಿವಾಹ, ವೈಧವ್ಯ ಇವೆಲ್ಲವನ್ನೂ ಧರ್ಮದ ಹೆಸರಿನಲ್ಲಿ ನಿರ್ಣಯಿಸುತ್ತ ಬಂದಿರುವರು. ಆ ಧರ್ಮದ ಪುಸ್ತಕವು ಮಾತ್ರ ಬಹುಕಾಲ ಆಕೆಯ ಕೈಗೆ ಬರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರನ್ನು ಸ್ಮರಿಸಿರಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಲೋಕನಿಂದೆಯನ್ನು ಲೆಕ್ಕಿಸದೆ ಪತ್ನಿಗೆ ಸಂಸ್ಕೃತವನ್ನು ಕಲಿಸಿದರು. ತಾಯಿಯು ಮಗಳಿಗೆ ಕಲಿಸಿದರು. 1878ರಲ್ಲಿ ಕಲಕತ್ತೆಯ ಪಂಡಿತರು ಈ ಇಪ್ಪತ್ತು ವರ್ಷದ ಕನ್ಯೆಗೆ ಬಿರುದನ್ನಿತ್ತು ಗೌರವಿಸಿದರು. ಆದರೂ ವೇದವನ್ನು ಹೆಂಗಸರು ಓದಬಾರದೆಂಬ ನಂಬಿಕೆಯು ಅವರಲ್ಲಿತ್ತು. ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಕೈಗಿತ್ತು ಓದೆಂದರು. ಧರ್ಮಶಾಸ್ತ್ರಗಳನ್ನು ತಾವೇ ಓದಿದಾಗ, ಇತರ ವಿಷಯಗಳಲ್ಲಿ ಪರಸ್ಪರ ಭೇದವುಳ್ಳ ಗ್ರಂಥಗಳು ಸ್ತ್ರೀಯನ್ನು ಕೀಳೆಂದೆಣಿಸುವುದರಲ್ಲಿ ಮಾತ್ರ ಒಂದಾಗಿರುವುದು ಅವರಿಗೆ ಕಂಡಿತು. 1883ರಲ್ಲಿ ಕ್ರೈಸ್ತರಾದ ಮೇಲೆಯೂ ಅವರು ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ತಮಗೆ ಕಲಿಸಿದ ಭಗಿನಿಯರೊಡನೆ ಮತತತ್ತ್ವಗಳ ವಿಷಯದಲ್ಲಿ ಧೈರ್ಯವಾಗಿ ವಾದಿಸಿದರು. ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತು ಬೈಬಲನ್ನು ಮರಾಠಿಗೆ ತಿರುಗಿಸಿದರು. ಅವರ ನಿರ್ಣಯಗಳನ್ನೆಲ್ಲ ಎಲ್ಲರೂ ಒಪ್ಪಬೇಕಾಗಿಲ್ಲ. ಪರರ ಬಾಯಿಂದ ಕೇಳಿ ತೃಪ್ತರಾಗದೆ ಮೂಲವನ್ನೇ ತೆರೆದು ನೋಡಿದ ಅವರ ಶ್ರದ್ಧೆಯು ಎಲ್ಲ ಮತದ ಹೆಣ್ಣುಮಕ್ಕಳಿಗೂ ಮಾದರಿಯಾಗಿದೆ.

ನೀತಿಯ ವ್ಯಾಸಂಗವೂ ಹಾಗೆಯೇ. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲಿಯೇ ಬಂದಿತು. ಆದರೂ ಆ ಪಿಡುಗು ನಿಂತಿಲ್ಲ. "ಇದು ಸಂಪ್ರದಾಯ" ಎಂದು ಹಿರಿಯರು ಹೇಳಿದಾಗ, ಸಂಪ್ರದಾಯಕ್ಕೂ ನ್ಯಾಯಕ್ಕೂ ಇರುವ ಅಂತರವನ್ನು ವಿನಯದಿಂದ, ಆದರೆ ಸ್ಪಷ್ಟವಾಗಿ ಹೇಳಬಲ್ಲ ಹುಡುಗಿಯು ಬೇಕು. ಆ ಮಾತು ಆವೇಶದಿಂದ ಬಾರದು, ಅಭ್ಯಾಸದಿಂದ ಬರುವುದು.

ಉದ್ಯೋಗಕ್ಕೆ ಇದು ಉಪಯೋಗವಿಲ್ಲವೆಂಬ ಆಕ್ಷೇಪವು ಉಳಿಯಿತು. ನಮ್ಮಲ್ಲಿ ಓದಿದ ಅನೇಕರು ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಇರುವರು. ಮರಣಶಯ್ಯೆಯ ಪಕ್ಕದಲ್ಲಿ ನಿಂತ ದಾದಿಗೆ ರೋಗಿಯ ಬಂಧುಗಳು ಏಕೆ ಮೌನವಾಗಿದ್ದಾರೆ, ಏಕೆ ಓದುತ್ತಿದ್ದಾರೆ, ಯಾವುದನ್ನು ಮುಟ್ಟಬಾರದೆನ್ನುತ್ತಾರೆ ಎಂಬುದು ತಿಳಿದಿದ್ದರೆ ಆಕೆಯ ಸೇವೆಗೆ ಮೆರುಗು ಬಾರದೆ? ಎಲ್ಲರೂ ಇದನ್ನೇ ಮುಖ್ಯ ವಿಷಯವಾಗಿ ಆರಿಸಬೇಕೆಂದು ನಾವು ಹೇಳುವುದಿಲ್ಲ. ವೈದ್ಯಳಾಗುವವಳೂ ಒಂದಿಷ್ಟು ಓದಲಿ ಎಂಬುದೇ ನಮ್ಮ ಆಶಯ.

ಓದಿದ ಮಾತ್ರದಿಂದ ಸದ್ಗುಣವು ಬರುವುದೆಂದು ನಾವು ಭ್ರಮಿಸುವುದಿಲ್ಲ. ನೀತಿಶಾಸ್ತ್ರದಲ್ಲಿ ಮೊದಲನೆಯ ತರಗತಿಯಲ್ಲಿ ಉತ್ತೀರ್ಣಳಾದವಳೂ ಮನೆಯ ಕೆಲಸದವಳೊಡನೆ ಕಠಿಣವಾಗಿ ನಡೆದುಕೊಳ್ಳಬಹುದು. ಆದರೆ ಅರಿಯದ ಭಕ್ತಿಯೂ ಅರಿಯದ ತಿರಸ್ಕಾರವೂ ಇಂದು ನೆರೆಹೊರೆಯವರನ್ನು ಅಗಲಿಸುತ್ತಿರುವುದನ್ನು ನಾವೆಲ್ಲರೂ ಕಾಣುತ್ತಿದ್ದೇವೆ. ಒಂದೇ ಬೆಂಚಿನ ಮೇಲೆ ಕುಳಿತು ಓದಿದ ನಮ್ಮ ಬಾಲಿಕೆಯರು ಒಬ್ಬರ ಹಬ್ಬದ ಸಿಹಿಯನ್ನು ಇನ್ನೊಬ್ಬರು ತಿಂದವರು; ಆ ಹಬ್ಬದ ಅರ್ಥವನ್ನೂ ತಿಳಿದವರಾಗಲಿ. ತಾಯಿತಂದೆಗಳೇ, ನಿಮ್ಮ ಮಗಳು ಈ ವಿಷಯವನ್ನು ಓದುವೆನೆಂದರೆ ತಡೆಯಬೇಡಿರಿ. ಆಕೆಯು ತರುವ ಪ್ರಶ್ನೆಗಳಿಗೆ ಮನೆಯಲ್ಲಿ ಸ್ಥಳ ಕೊಡಿರಿ.