ಹಾಡುಗಾರನ ಮಾತಿಗೆ ಸಾಕ್ಷಿ ಯಾರು?

ಉದ್ರಿ ಖಾತೆ ಅಂಗಡಿಯವನ ಕೈಯಲ್ಲಿರುತ್ತದೆ. ಹಾಜರಿ ಪುಸ್ತಕ ಗಿರಣಿಯ ಗುಮಾಸ್ತನ ಕೈಯಲ್ಲಿರುತ್ತದೆ. ಗಿರಾಕಿಯಾಗಲಿ ಕಾರ್ಮಿಕನಾಗಲಿ ಅದರಲ್ಲಿ ತಾನೇ ಬರೆದುಕೊಳ್ಳುವಂತಿಲ್ಲ. ಆದರೆ ತಪ್ಪು ಕಂಡರೆ ಬೆರಳಿಟ್ಟು ತೋರಿಸಿ, ತಿದ್ದಿರೆಂದು ಕೇಳುವ ಹಕ್ಕು ಇಬ್ಬರಿಗೂ ಉಂಟು. ವಿಶ್ವಕೋಶದಲ್ಲಿ ಅಚ್ಚಾದ ತನ್ನ ಜೀವನಚರಿತ್ರೆಯನ್ನು ತಿದ್ದಿರೆಂದು ಸಂಗೀತಗಾರನೊಬ್ಬ ಕೇಳಿದರೆ, ಅದೂ ಇಂಥದೇ ಬೇಡಿಕೆ.

2001ರಲ್ಲಿ ಆರಂಭವಾದ ವಿಕಿಪೀಡಿಯ ಯಾರು ಬೇಕಾದರೂ ಬರೆಯಬಹುದಾದ ಅಂತರಜಾಲದ ವಿಶ್ವಕೋಶ. 2003ರಿಂದ ಅದು ಕನ್ನಡದಲ್ಲಿಯೂ ಇದೆ. ತನ್ನ ಚರಿತ್ರೆಯನ್ನು ತಾನೇ ಬರೆದುಕೊಳ್ಳುವುದು ಅಲ್ಲಿ ಒಪ್ಪಿತವಲ್ಲ. ಲೇಖನಕ್ಕೆ ಹೊಂದಿದ ಚರ್ಚೆಯ ಪುಟದಲ್ಲಿ ಎಲ್ಲರೆದುರು ಕೇಳಬೇಕು; ಪ್ರಕಟವಾದ ಆಧಾರವನ್ನು ತೋರಿಸಬೇಕು. ನಿಯಮ ಸರಿಯಾದುದೇ. ಅದಿಲ್ಲದಿದ್ದರೆ ಹಣವುಳ್ಳವನು ಬರಹಗಾರನನ್ನು ಬಾಡಿಗೆಗೆ ಹಿಡಿದು ಇಲ್ಲದ ಬಿರುದುಗಳನ್ನೂ ಬರೆಸಿಕೊಂಡಾನು! 2009ರಲ್ಲಿ ಫ್ರಾನ್ಸಿನ ಸಂಗೀತ ಸಂಯೋಜಕ ಮಾರಿಸ್ ಜಾರ್ ತೀರಿಕೊಂಡಾಗ, ಐರ್ಲೆಂಡಿನ ವಿದ್ಯಾರ್ಥಿಯೊಬ್ಬ ಅವರು ಆಡದ ಮಾತನ್ನು ಅವರ ಹೆಸರಿನಲ್ಲಿ ಅಲ್ಲಿ ಸೇರಿಸಿದನು. ದೊಡ್ಡ ದೊಡ್ಡ ಪತ್ರಿಕೆಗಳು ಅದನ್ನೇ ನಕಲು ಮಾಡಿದವು. ಆಧಾರ ಕೇಳದಿದ್ದರೆ ಆಗುವ ಗತಿ ಇದು.

ಆದರೆ ಈ ಆಧಾರವೆಂಬುದು ಯಾರ ಮನೆಯಲ್ಲಿದೆ? 2012ರಲ್ಲಿ ಅಮೆರಿಕದ ಕಾದಂಬರಿಕಾರ ಫಿಲಿಪ್ ರಾತ್, ತಮ್ಮ ಕಾದಂಬರಿಯ ಮೂಲದ ಬಗ್ಗೆ ಬರೆದದ್ದು ತಪ್ಪೆಂದು ತಿಳಿಸಿದರು. ಲೇಖಕನ ಮಾತೊಂದೇ ಸಾಲದು, ಬೇರೆ ಆಧಾರ ಬೇಕೆಂಬ ಉತ್ತರ ಬಂತು. ಅವರು 'ನ್ಯೂಯಾರ್ಕರ್' ಪತ್ರಿಕೆಯಲ್ಲಿ ಬಹಿರಂಗ ಪತ್ರ ಬರೆದರು. ಆಗ ಅವರ ಮಾತು ಲೇಖನದೊಳಗೆ ಸೇರಿತು. ರಾತ್ ಅವರಿಗೆ ಪತ್ರಿಕೆಯಿತ್ತು. ಭಾತಂಬ್ರಾದಲ್ಲಿ, ಔರಾದದಲ್ಲಿ ಏಕತಾರಿ ಹಿಡಿದು ತತ್ವಪದ ಹಾಡುವವನಿಗೆ ಯಾವ ಪತ್ರಿಕೆಯಿದೆ?

ಕಲಾವಿದರ ಬಾಯಿಂದಲೇ ಬರಬೇಕಾದ ಸತ್ಯಗಳೂ ಉಂಟು. ಗಂಗೂಬಾಯಿ ಹಾನಗಲ್ (1913–2009) ಅವರ ಹುಟ್ಟುಹೆಸರು ಗಾಂಧಾರಿ. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಹಾಡಿದ ಈ ಬಾಲಕಿಗೆ, ತನ್ನ ಜಾತಿಯ ಕಾರಣ ಊಟವಾದ ಮೇಲೆ ಎಂಜಲೆತ್ತಲು ಹೇಳುವರೋ ಎಂಬ ಭಯವಿತ್ತು. ಯಾವ ವರದಿಗಾರ ಆ ಭಯವನ್ನು ಕಂಡಿದ್ದ? ದೊಡ್ಡವರಾದ ಮೇಲೆ ಅವರೇ ಹೇಳಿದ್ದರಿಂದ ನಾಡಿಗೆ ತಿಳಿಯಿತು. ಗಂಡಸಾದರೆ ಪಂಡಿತ, ಉಸ್ತಾದ. ಹೆಂಗಸು ಮಾತ್ರ 'ಬಾಯಿ'ಯಾಗಿಯೇ ಉಳಿಯುತ್ತಾಳೆಂದು ಆಕ್ಷೇಪಿಸಿದವರೂ ಅವರೇ. 'ನನ್ನ ಬದುಕಿನ ಹಾಡು' ಎಂಬ ಆತ್ಮಕಥೆ ಅಚ್ಚಾಗಿ, ಅವರ ಮಾತಿಗೊಂದು ಆಧಾರ ಉಳಿಯಿತು. ಅಚ್ಚಾಗದೆ ಹೋದವರ ಗತಿಯೇನು?

ಆದುದರಿಂದ ನಮ್ಮ ಅಭಿಪ್ರಾಯ ಇಷ್ಟು: ಕಲಾವಿದ ಕೇಳಲಿ, ಬಹಿರಂಗವಾಗಿ ಕೇಳಲಿ. ಕೇಳಿದ್ದಕ್ಕೆ ಅಲ್ಲಿನ ಬರಹಗಾರರು ಉತ್ತರ ಕೊಡಲಿ. ಬದುಕಿರುವವರ ಬಗ್ಗೆ ಆಧಾರವಿಲ್ಲದ ನಿಂದೆಯನ್ನು ತಕ್ಷಣ ತೆಗೆಯಬೇಕೆಂಬ ತಮ್ಮ ನಿಯಮವನ್ನು ತಾವೇ ಪಾಲಿಸಲಿ. ಆದರೆ ಹೊಗಳಿಕೆಯನ್ನು ಸೇರಿಸಲು, ಒಪ್ಪದ ಸತ್ಯವನ್ನು ಅಳಿಸಲು ಯಾರಿಗೂ ಅಧಿಕಾರ ಬೇಡ.

ಉಳಿದ ಕೆಲಸ ನಮ್ಮದು. ಜಿಲ್ಲೆಯ ಪತ್ರಿಕೆಗಳು ಮಂತ್ರಿಗಳ ಮೆರವಣಿಗೆಗೆ ಕೊಡುವ ಅಂಕಣದಲ್ಲಿ ಅರ್ಧವನ್ನಾದರೂ ನಮ್ಮ ಹಾಡುಗಾರರಿಗೆ ಕೊಡಲಿ. ಅವರ ಹುಟ್ಟೂರು, ಗುರು, ದುಡಿಮೆ, ಹಾಡಿದ ಜಾಗ ಇವನ್ನೆಲ್ಲ ಅವರ ಬಾಯಿಂದ ಕೇಳಿ, ನೆರೆಹೊರೆಯವರಲ್ಲಿ ವಿಚಾರಿಸಿ, ತಾರೀಖು ಹಾಕಿ ಅಚ್ಚು ಮಾಡಲಿ. ಸಂಘದ ವಾಚನಾಲಯಗಳು ಆ ಸಂಚಿಕೆಗಳನ್ನು ರದ್ದಿಗೆ ಹಾಕದೆ ಕಟ್ಟಿಡಲಿ. ನಾಳೆ ಆ ಹಾಡುಗಾರ ವಿಶ್ವಕೋಶದ ಮುಂದೆ ನಿಂತು ಇದು ತಪ್ಪು ಎಂದಾಗ, ಅವನ ಕೈಯಲ್ಲಿ ಒಂದು ಕಾಗದವಿರಬೇಕು.