ಅನಾಗರಿಕರು ಯಾರು?

ಬ್ರೆಜಿಲ್ ದೇಶದ ಆಕ್ರೆ ಪ್ರಾಂತದ ಮಳೆಕಾಡುಗಳಲ್ಲಿ ಹುನಿ ಕುಯಿನ್, ಯವನವಾ ಮೊದಲಾದ ಮೂಲನಿವಾಸಿಗಳು ವಾಸಿಸುತ್ತಾರೆ. ಹೊಗೆಸೊಪ್ಪನ್ನು ಒಣಗಿಸಿ ಕುಟ್ಟಿ, ಮರದ ಬೂದಿಯನ್ನು ಬೆರೆಸಿ, ಅವರು ನಶ್ಯವನ್ನು ಸಿದ್ಧಪಡಿಸುವರು. ಪ್ರಾರ್ಥನೆಯ ಸಮಯದಲ್ಲಿ, ಚಿಕಿತ್ಸೆಯ ಸಮಯದಲ್ಲಿ ಒಬ್ಬನು ಕೊಳವೆಯ ಮೂಲಕ ಅದನ್ನು ಮತ್ತೊಬ್ಬನ ಮೂಗಿಗೆ ಊದುತ್ತಾನೆ. ಊದುವವನ ಮನಸ್ಸು ಶುದ್ಧವಾಗಿರಬೇಕೆಂಬುದು ಅವರ ನಂಬಿಕೆ.

ಇದನ್ನು ಕೇಳಿದೊಡನೆ ‘ಅನಾಗರಿಕರ ಚಟ’ ಎಂದು ತೀರ್ಪು ಕೊಡುವ ಉಪಾಧ್ಯಾಯರು ನಮ್ಮಲ್ಲಿ ಇಲ್ಲದಿಲ್ಲ. ಮಹನೀಯರೇ, ಪಾಠದ ನಡುವೆಯೇ ಡಬ್ಬಿ ತೆರೆದು ಚಿಟಿಕೆ ನಶ್ಯ ಏರಿಸುತ್ತಿದ್ದ ಗುರುಪರಂಪರೆ ಯಾರದು? ಹೊಗೆಸೊಪ್ಪು ನಮ್ಮ ನೆಲದ ಗಿಡವಲ್ಲ. ಅಮೆರಿಕದ ಮೂಲನಿವಾಸಿಗಳು ಬೆಳೆಸಿದ ಗಿಡ. 1492ರ ಬಳಿಕ ಯೂರೋಪಿನವರು ಅದನ್ನು ಕಂಡರು. 1560ರ ಸುಮಾರಿಗೆ ಝಾನ್ ನಿಕೋ ಎಂಬ ರಾಯಭಾರಿ ಅದನ್ನು ಫ್ರಾನ್ಸಿನ ಆಸ್ಥಾನಕ್ಕೆ ಕಳುಹಿಸಿದನು. ‘ನಿಕೋಟಿನ್’ ಎಂಬ ಹೆಸರು ಅವನಿಂದಲೇ ಬಂದುದು. ಪೋರ್ಚುಗೀಸರು ಅದನ್ನು ಭಾರತಕ್ಕೆ ತಂದರು. ಎಲೆ ಕಡಲು ದಾಟಿತು. ಅದರ ಸುತ್ತಲಿದ್ದ ಕಟ್ಟುಕಟ್ಟಳೆ ಕಾಡಿನಲ್ಲಿಯೇ ಉಳಿಯಿತು. ಕಾಲವನ್ನೂ ಮಿತಿಯನ್ನೂ ಬಿಟ್ಟು ಎಲೆಯನ್ನಷ್ಟೇ ಹಿಡಿದುಕೊಂಡವರಲ್ಲವೆ ಚಟಗಾರರು?

ಇಂದು ಅದೇ ಪುಡಿಯನ್ನು ‘ಮನಶ್ಶಾಂತಿಯ ಮದ್ದು’ ಎಂದು ಪೊಟ್ಟಣ ಕಟ್ಟಿ ದೂರದ ಪೇಟೆಗಳಲ್ಲಿ ಮಾರುವವರೂ ಹುಟ್ಟಿದ್ದಾರೆ. ತಿರಸ್ಕಾರ ಒಂದು ಅಪಚಾರವಾದರೆ ಈ ವ್ಯಾಪಾರ ಇನ್ನೊಂದು.

ಹಾಗೆಂದು ಮಕ್ಕಳಿಗೆ ನಶ್ಯದ ಗುಣಗಾನ ಮಾಡಬೇಕೆಂದಲ್ಲ. ನಿಕೋಟಿನ್ ವ್ಯಸನಕಾರಿ, ಮಂತ್ರದಿಂದ ಅದರ ಗುಣ ಬದಲಾಗದು. ಹೊಗೆಸೊಪ್ಪು ಹಾನಿಕರವೆಂದು ಧಾರಾಳವಾಗಿ ಬೋಧಿಸೋಣ. ಆದರೆ ವಸ್ತುವಿನ ದೋಷವನ್ನು ಹೇಳುವುದು ಬೇರೆ, ಒಂದು ಜನಾಂಗವನ್ನೇ ಹೀನವೆನ್ನುವುದು ಬೇರೆ. ಈ ಭೇದವನ್ನು ಕಲಿಸದ ಭೂಗೋಳದ ಪಾಠದಿಂದ ಏನು ಪ್ರಯೋಜನ? ‘ಅನಾಗರಿಕ’ ಎಂಬ ಮಾತನ್ನು ಮೊದಲು ನಮ್ಮ ಕರಿಹಲಗೆಯಿಂದ ಒರೆಸೋಣ.