ಯೂರಿಯಾ ಜಗಳದಲ್ಲಿ ಮರೆತುಹೋದ ಬೇರುಗಂಟು

2025ರ ಜುಲೈನಲ್ಲಿ ಯೂರಿಯಾಕ್ಕಾಗಿ ಕರ್ನಾಟಕದ ರೈತರು ಸಾಲುಗಟ್ಟಿ ನಿಂತರು. ಕೇಂದ್ರ ಗೊಬ್ಬರ ಕೊಡಲಿಲ್ಲ ಎಂದು ರಾಜ್ಯ ಸರ್ಕಾರ, ಬಂದದ್ದನ್ನು ಸರಿಯಾಗಿ ಹಂಚಲಿಲ್ಲ ಎಂದು ಬಿಜೆಪಿ ಕೆಸರೆರಚಾಡಿದವು. ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ತಾಲ್ಲೂಕುಗಳ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇತ್ತು: ಸೋಯಾ, ತೊಗರಿ, ಉದ್ದು, ಹೆಸರು ಬಿತ್ತುವ ಹೊಲಕ್ಕೆ ಮೇಲುಗೊಬ್ಬರವಾಗಿ ಯೂರಿಯಾ ಏಕೆ ಬೇಕು?

ಈ ಬೆಳೆಗಳ ಬೇರುಗಂಟಿನಲ್ಲಿರುವ ರೈಜೋಬಿಯಂ ಎಂಬ ಜೀವಾಣು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ. ಗಿಡ ಅದಕ್ಕೆ ಸಕ್ಕರೆ ಉಣಿಸುತ್ತದೆ. ಬಿತ್ತಿ 40 ದಿನವಾದ ಸೋಯಾ ಗಿಡವನ್ನು ಮಣ್ಣುಸಮೇತ ಎಬ್ಬಿಸಿ, ಗಂಟೊಂದನ್ನು ಉಗುರಿನಲ್ಲಿ ಸೀಳಿದರೆ ಒಳಗೆ ನಸುಗೆಂಪು ಕಾಣಬೇಕು. ಹಸಿರೋ ಬೂದೋ ಆಗಿದ್ದರೆ ಗಂಟಿನ ಕೆಲಸ ನಿಂತಿದೆ ಎಂದರ್ಥ. ಆರಂಭಕ್ಕೆ ಬೇಕಾದ ಸಾರಜನಕ ಬಿತ್ತುವಾಗ ಹಾಕುವ ಡಿಎಪಿಯಲ್ಲೇ ಇರುತ್ತದೆ. ಅದರ ಮೇಲೂ ಯೂರಿಯಾ ಸುರಿದರೆ ಮಣ್ಣಿನಲ್ಲಿ ನೈಟ್ರೇಟ್ ಏರಿ, ಗಿಡ ಗಂಟು ಕಟ್ಟುವುದನ್ನೇ ಕಡಿಮೆ ಮಾಡುತ್ತದೆ.

ಕಡಲಲ್ಲೂ ಇಂಥದೇ ಸಹಬಾಳ್ವೆ ಇದೆ. ಹವಳದ ಮೈಯೊಳಗಿನ ಸೂಕ್ಷ್ಮ ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಹವಳವನ್ನು ಸಾಕುತ್ತದೆ. ನೀರು ಕಾದರೆ ಪಾಚಿಯ ದ್ಯುತಿಸಂಶ್ಲೇಷಣೆ ಹದಗೆಟ್ಟು, ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. 2024ರಲ್ಲಿ ಲಕ್ಷದ್ವೀಪದಲ್ಲಿ ಆದದ್ದು ಇದೇ. ನೀರಿನಲ್ಲಿ ನೈಟ್ರೇಟ್ ಹೆಚ್ಚಿ ರಂಜಕ ಸಾಲದೆ ಹೋದರೆ ಹವಳ ಬಿಸಿಗೆ ಇನ್ನೂ ಬೇಗ ಸೋಲುತ್ತದೆ ಎಂದು ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ತೋರಿಸಿದ್ದಾರೆ.

ಅತಿಯಾದ ಸಾರಜನಕ ಎರಡೂ ಕಡೆ ಸಹಬಾಳ್ವೆಯನ್ನು ಕೆಡಿಸುತ್ತದೆ.

ಕಬ್ಬು, ಜೋಳ, ಮೆಕ್ಕೆಜೋಳ ಬೆಳೆಯುವವರಿಗೆ ಯೂರಿಯಾ ಬೇಕೇ ಬೇಕು. ಅವರ ಪಾಲು ತಪ್ಪಬಾರದು. ಮಳೆ ಹೆಚ್ಚಾಗಿ ಹೊಲದಲ್ಲಿ ನೀರು ನಿಂತು ಎಲೆ ಹಳದಿಯಾದಾಗ ಸೋಯಾ ರೈತ ಗಾಬರಿಯಿಂದ ಯೂರಿಯಾ ಅಂಗಡಿಗೆ ಓಡುವುದೂ ಸಹಜ. ಆದರೆ ಆಗ ಗಾಳಿಯಿಲ್ಲದೆ ಉಸಿರುಗಟ್ಟಿರುವುದು ಬೇರುಗಂಟಿಗೆ. ಮೊದಲು ನೀರು ಬಸಿದು ಹೋಗಬೇಕು.

45 ಕಿಲೋ ಯೂರಿಯಾ ಚೀಲ ಸುಮಾರು 266 ರೂಪಾಯಿಗೆ ಸಿಗುತ್ತಿರುವುದು ಅದರ ಬೆಲೆಯ ಬಹುಪಾಲನ್ನು ಸರ್ಕಾರ ಭರಿಸುತ್ತಿರುವುದರಿಂದ. ಆ ಸಬ್ಸಿಡಿಯ ಒಂದು ಸಣ್ಣ ಪಾಲಿನಲ್ಲಿ ರೈಜೋಬಿಯಂ ಪೊಟ್ಟಣ ಮನೆಮನೆಗೆ ತಲುಪೀತು. ಬೆಲ್ಲದ ಪಾಕದಲ್ಲಿ ಕಲಸಿ, ಬೀಜಕ್ಕೆ ಲೇಪಿಸಿ, ನೆರಳಲ್ಲಿ ಆರಿಸಿದರೆ ಬಿತ್ತನೆಗೆ ಸಿದ್ಧ. ಪೊಟ್ಟಣದಲ್ಲಿರುವುದು ಜೀವಾಣು, ಬಿಸಿಲಿಗೆ ಬಿದ್ದರೆ ಸಾಯುತ್ತದೆ. ಹಾಗಾಗಿ ಅದನ್ನು ತಂಪಾದ ಜಾಗದಲ್ಲಿ ಇಟ್ಟು, ಅವಧಿ ಮುಗಿಯುವ ಮುನ್ನ ಹಂಚುವುದು ಕೃಷಿ ಇಲಾಖೆಯ ಹೊಣೆ.

ಮುಂದಿನ ಮುಂಗಾರಿಗೆ ಎರಡೂ ತಾಲ್ಲೂಕುಗಳ ರೈತ ಸಂಪರ್ಕ ಕೇಂದ್ರಗಳು ಸೋಯಾ ಬೀಜದ ಪ್ರತಿ ಚೀಲದ ಜೊತೆ ಸೋಯಾಕ್ಕೆ ಹೊಂದುವ ತಾಜಾ ರೈಜೋಬಿಯಂ ಪೊಟ್ಟಣ ಕೊಡಲಿ. ಕೊಡದಿದ್ದರೆ, ಯೂರಿಯಾಕ್ಕಾಗಿ ಎತ್ತಿದಷ್ಟೇ ಗಟ್ಟಿ ದನಿಯಲ್ಲಿ ರೈತರು ಅದನ್ನೂ ಕೇಳಬೇಕು.